ಜನಸಂಖ್ಯೆಯ ಘಾತವೃದ್ಧಿಸೂತ್ರ: ಕುಷ್ಟಗಿ ಸೀಮೆಯ ಲೆಕ್ಕಗಳಿಂದ ಒಂದು ವಿವರಣೆ

1. ಪ್ರಸ್ತಾವನೆ

ಒಂದು ಸೀಮೆಯ ಚರಿತ್ರೆಯನ್ನಾಗಲಿ, ಭಾಷೆಯನ್ನಾಗಲಿ, ವಿದ್ಯಾಭ್ಯಾಸದ ಸ್ಥಿತಿಯನ್ನಾಗಲಿ ಕುರಿತು ಬರೆಯತಕ್ಕವರಿಗೆ ಅಲ್ಲಿಯ ಜನಸಂಖ್ಯೆ ಎಷ್ಟೆಂಬ ಪ್ರಶ್ನೆಯು ಎಲ್ಲಿಯಾದರೂ ಒಂದು ಕಡೆ ಎದುರಾಗದೆ ಇರದು. ಗಣತಿ ನಡೆದ ವರ್ಷಕ್ಕಾದರೆ ಉತ್ತರವು ಸಿದ್ಧವಾಗಿಯೇ ಇದೆ. ವರದಿಯನ್ನು ತೆರೆದು ನೋಡಿದರೆ ಸಾಕು. ಗಣತಿ ನಡೆಯದ ವರ್ಷಕ್ಕೆ ಉತ್ತರ ಬೇಕಾದರೆ ಮಾತ್ರ ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕದ ಹಿಂದೆ ಬಹುಮಟ್ಟಿಗೆ ನಿಂತಿರುವುದು ಘಾತವೃದ್ಧಿಯ ಸೂತ್ರವೆಂದು ಹೆಸರಾದ ಒಂದು ಸಣ್ಣ ಸಮೀಕರಣ. ಗಣಿತಜ್ಞರಿಗೆ ಅದು ಮೊದಲನೆಯ ಪಾಠ. ಸಾಹಿತ್ಯದ ವಿದ್ವಾಂಸರಿಗೂ ಉಪಾಧ್ಯಾಯರಿಗೂ ಅದರ ಫಲವು ದಿನವೂ ಕಣ್ಣಿಗೆ ಬೀಳುತ್ತಿದ್ದರೂ ಅದರ ಒಳಗಿನ ಯುಕ್ತಿಯು ಅಷ್ಟಾಗಿ ಪರಿಚಿತವಾಗಿರುವಂತೆ ಕಾಣುವುದಿಲ್ಲ. ಆ ಯುಕ್ತಿಯನ್ನು ನಮ್ಮ ನಾಡಿನ ಒಂದು ಮೂಲೆಯ ನಿಜವಾದ ಅಂಕಿಗಳನ್ನಿಟ್ಟುಕೊಂಡು ತಿಳಿಯಹೇಳುವುದೂ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದನ್ನು ವಿಚಾರಮಾಡುವುದೂ ಈ ಲೇಖನದ ಉದ್ದೇಶ.

ಆ ಮೂಲೆಯು ಕುಷ್ಟಗಿಯ ಸೀಮೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಡಿಸಿ ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಹೇಳುವ ಕೊಪಣವೇ ಇಂದಿನ ಕೊಪ್ಪಳವೆಂಬುದು ವಾಚಕರಿಗೆ ತಿಳಿದ ವಿಷಯ. ಈ ಜಿಲ್ಲೆಯ ಜನರನ್ನು 2011ರಲ್ಲಿ ಎಣಿಸಲಾಯಿತು. 2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಆ ವರ್ಷ ನಡೆಯಲಿಲ್ಲ; 2027ನೆಯ ಮಾರ್ಚ್ 1ನ್ನು ಆಧಾರದಿನವಾಗಿಟ್ಟುಕೊಂಡು ಮುಂದಿನ ಗಣತಿಯನ್ನು ನಡೆಸತಕ್ಕದ್ದೆಂದು ಭಾರತ ಸರ್ಕಾರವು 2025ನೆಯ ಜೂನ್ ತಿಂಗಳಲ್ಲಿ ಪ್ರಕಟಿಸಿತು. ಎಂದರೆ ಎರಡು ಗಣತಿಗಳ ನಡುವೆ ಹತ್ತು ವರ್ಷಕ್ಕೆ ಬದಲಾಗಿ ಹದಿನಾರು ವರ್ಷಗಳ ಅಂತರ ಬಿದ್ದಂತಾಯಿತು. ಈ ಅಂತರದೊಳಗಿನ ಯಾವುದೇ ವರ್ಷಕ್ಕೆ ಕುಷ್ಟಗಿಯ ಜನಸಂಖ್ಯೆ ಇಷ್ಟೆಂದು ಹೇಳುವ ಅಂಕಿಯು ಎಣಿಸಿ ಬಂದದ್ದಾಗಿರದೆ ಸೂತ್ರದಿಂದ ಬಂದದ್ದಾಗಿರುತ್ತದೆ. 2013ನೆಯ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಪಡಿತರಕ್ಕೆ ಅರ್ಹರಾದವರ ಒಟ್ಟು ಸಂಖ್ಯೆಯು ಪ್ರಕಟವಾದ ಗಣತಿಯ ಅಂಕಿಗಳನ್ನು ಅವಲಂಬಿಸಿದೆ. ಶಾಲೆಯ ಕೋಣೆಗಳು, ಕುಡಿಯುವ ನೀರು, ಆಸ್ಪತ್ರೆಯ ಹಾಸಿಗೆಗಳು ಇವೆಲ್ಲವನ್ನೂ ಇಂತಿಷ್ಟು ಜನಕ್ಕೆ ಇಂತಿಷ್ಟೆಂದು ಗೊತ್ತುಮಾಡುವುದು ವಾಡಿಕೆ. ಆದಕಾರಣ ಸೂತ್ರದ ಅರ್ಥವನ್ನು ತಿಳಿಯುವುದು ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ.

2. ಕೂಡಿ ಬೆಳೆಯುವುದು, ಗುಣಿಸಿ ಬೆಳೆಯುವುದು

ವೃದ್ಧಿಯು ಎರಡು ಬಗೆಯಾಗಿರಬಹುದು. ಪ್ರತಿವರ್ಷವೂ ಒಂದೇ ಮೊತ್ತವು ಬಂದು ಸೇರುತ್ತಿದ್ದರೆ ಅದು ಕೂಡಿ ಬೆಳೆಯುವ ವೃದ್ಧಿ; ಸರಳ ಬಡ್ಡಿಗೆ ಕೊಟ್ಟ ಹಣವು ಬೆಳೆಯುವುದು ಹೀಗೆ. ಪ್ರತಿವರ್ಷವೂ ಇದ್ದದ್ದರ ಒಂದೇ ಪಾಲು ಬಂದು ಸೇರುತ್ತಿದ್ದರೆ ಅದು ಗುಣಿಸಿ ಬೆಳೆಯುವ ವೃದ್ಧಿ. ಚಕ್ರಬಡ್ಡಿಯ ಹಣವು ಬೆಳೆಯುವುದು ಹೀಗೆ. ಮೊದಲನೆಯದರಲ್ಲಿ ಬಡ್ಡಿಗೆ ಬಡ್ಡಿಯಿಲ್ಲ. ಎರಡನೆಯದರಲ್ಲಿ ಬಡ್ಡಿಯು ಅಸಲಿನೊಡನೆ ಸೇರಿ ತಾನೂ ಬಡ್ಡಿಯನ್ನು ತರುತ್ತದೆ.

ಈ ಭೇದವು ನಮ್ಮವರಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ರಚಿಸಿದ ಗಣಿತಸಾರಸಂಗ್ರಹದಲ್ಲಿ ಎರಡು ಬಗೆಯ ಶ್ರೇಢಿಗಳನ್ನೂ ವಿವರಿಸಿದ್ದಾನೆ. ಗುಣೋತ್ತರ ಶ್ರೇಢಿಯ ಮೊದಲನೆಯ ಪದವನ್ನು, ಪದಗಳೆಷ್ಟೋ ಅಷ್ಟು ಬಾರಿ ಗುಣದಿಂದ ಗುಣಿಸಿದರೆ ದೊರೆಯುವ ಫಲಕ್ಕೆ ಆತನು ಗುಣಧನವೆಂದು ಹೆಸರಿಟ್ಟಿದ್ದಾನೆ. ಪದಗಳ ಮೊತ್ತವು ಗುಣಸಂಕಲಿತ. ಈ ಗುಣಧನವೇ ಘಾತವೃದ್ಧಿಸೂತ್ರದ ಮೂಲರೂಪ. ಕನ್ನಡ ಕಾವ್ಯಲಕ್ಷಣವನ್ನು ಕುರಿತ ಮೊದಲ ಗ್ರಂಥವೂ, ಗುಣಧನದ ಈ ನಿಯಮವುಳ್ಳ ಗಣಿತಗ್ರಂಥವೂ ಒಬ್ಬನೇ ದೊರೆಯ ಆಳ್ವಿಕೆಗೆ ಸೇರಿರುವುದು ನೆನೆಯತಕ್ಕ ಸಂಗತಿ. 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಆದಕಾರಣ ಈ ವಿಷಯಕ್ಕೆ ಬೇಕಾದ ಮಾತುಗಳನ್ನು ಹೊರಗಿನಿಂದ ಎರವಲು ತರಬೇಕಾದ ಅವಶ್ಯಕತೆಯು ಅಷ್ಟಾಗಿಲ್ಲ.

ಗುಣೋತ್ತರ ಶ್ರೇಢಿಯನ್ನು ಜನಸಂಖ್ಯೆಗೆ ಹೊಂದಿಸಿದ ಪ್ರಸಿದ್ಧರಲ್ಲಿ ಸ್ವಿಟ್ಜರ್ಲೆಂಡಿನ ಲಿಯೊನಾರ್ಡ್ ಆಯ್ಲರನು ಮುಖ್ಯನು. ಆತನು 1748ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೀಗೊಂದು ಸಮಸ್ಯೆಯಿದೆ: ಒಂದು ಪ್ರಾಂತದಲ್ಲಿ 1,00,000 ಜನರಿದ್ದು, ಪ್ರತಿವರ್ಷವೂ ಮೂವತ್ತರಲ್ಲಿ ಒಂದು ಪಾಲು ಹೆಚ್ಚುತ್ತಿದ್ದರೆ, ನೂರು ವರ್ಷಗಳ ಮೇಲೆ ಅಲ್ಲಿ ಎಷ್ಟು ಜನರಿರುವರು? ಉತ್ತರ 26,54,874. ಅದೇ ಪಾಲನ್ನು ಸರಳ ಬಡ್ಡಿಯಂತೆ ಕೂಡುತ್ತಾ ಹೋಗಿದ್ದರೆ ಬರುತ್ತಿದ್ದದ್ದು ಸುಮಾರು 4,33,000 ಮಾತ್ರ. ಐವತ್ತು ವರ್ಷಗಳ ತರುವಾಯ, 1798ರಲ್ಲಿ, ಇಂಗ್ಲೆಂಡಿನ ಮಾಲ್ಥಸನು ಜನರು ಗುಣೋತ್ತರದಲ್ಲಿಯೂ ಆಹಾರವು ಸಮಾಂತರದಲ್ಲಿಯೂ ಬೆಳೆಯುತ್ತವೆಂದು ವಾದಿಸಿದನು. ಅಂದಿನಿಂದ ಈ ಸೂತ್ರಕ್ಕೆ ಒಂದು ಭಯದ ಛಾಯೆಯು ಅಂಟಿಕೊಂಡಿದೆ. ಅದು ಎಷ್ಟರ ಮಟ್ಟಿಗೆ ಉಚಿತವೆಂಬುದು ಮುಂದೆ ತೋರಿಬರುವುದು.

3. ಸೂತ್ರದ ರೂಪ

ಜನರು ವರ್ಷಕ್ಕೊಮ್ಮೆ, ಒಂದು ಗೊತ್ತಾದ ದಿನದಲ್ಲಿ, ಒಟ್ಟಾಗಿ ಹುಟ್ಟುವುದಿಲ್ಲ. ದಿನವೂ ಹುಟ್ಟುತ್ತಾರೆ, ದಿನವೂ ಸಾಯುತ್ತಾರೆ. ಆದುದರಿಂದ ಬಡ್ಡಿಯನ್ನು ವರ್ಷಕ್ಕೊಮ್ಮೆ ಅಸಲಿಗೆ ಸೇರಿಸುವ ಬದಲು ಕ್ಷಣಕ್ಷಣಕ್ಕೂ ಸೇರಿಸುತ್ತಿದ್ದರೆ ಏನಾಗುವುದೆಂದು ಕೇಳಬೇಕಾಗುತ್ತದೆ. ಈ ಪ್ರಶ್ನೆಯನ್ನು 1683ರಲ್ಲಿ ಜೇಕಬ್ ಬೆರ್ನೂಲಿಯು ಹಣದ ವಿಷಯವಾಗಿ ಕೇಳಿದನು. ಒಂದು ರೂಪಾಯಿಗೆ ವರ್ಷಕ್ಕೆ ಒಂದು ರೂಪಾಯಿ ಬಡ್ಡಿಯೆಂದು ಇಟ್ಟುಕೊಳ್ಳೋಣ. ವರ್ಷಕ್ಕೊಮ್ಮೆ ಸೇರಿಸಿದರೆ ವರ್ಷಾಂತ್ಯದಲ್ಲಿ 2 ರೂಪಾಯಿ. ಆರು ತಿಂಗಳಿಗೊಮ್ಮೆ ಸೇರಿಸಿದರೆ 2.25. ಮೂರು ತಿಂಗಳಿಗೊಮ್ಮೆ ಸೇರಿಸಿದರೆ ಸುಮಾರು 2.441, ತಿಂಗಳಿಗೊಮ್ಮೆ ಸೇರಿಸಿದರೆ 2.613, ದಿನಕ್ಕೊಮ್ಮೆ ಸೇರಿಸಿದರೆ 2.715. ಸೇರಿಸುವ ಕಾಲವು ಎಷ್ಟು ಸೂಕ್ಷ್ಮವಾದರೂ ಫಲವು ಮಿತಿಮೀರಿ ಬೆಳೆಯದೆ 2.71828 ಎಂಬುದರ ಹತ್ತಿರ ಬಂದು ನಿಲ್ಲುತ್ತದೆ. ಆಯ್ಲರನು ಒಂದು ಅಕ್ಷರದಿಂದ ಗುರುತಿಸಿದ ಈ ಸಂಖ್ಯೆಯನ್ನು ನಾವು ಇಲ್ಲಿ ‘ಇ’ ಎಂದು ಬರೆಯೋಣ. ಆಗ ಸೂತ್ರವು ಹೀಗಾಗುತ್ತದೆ:

ಜ = ಜ₀ × ಇ^(ಮ × ಕ)

ಜ₀ ಎಂಬುದು ಮೊದಲ ಗಣತಿಯ ಜನಸಂಖ್ಯೆ. ಕ ಎಂಬುದು ಆಮೇಲೆ ಕಳೆದ ವರ್ಷಗಳು. ಮ ಎಂಬುದು ವೃದ್ಧಿಯ ಮಾನ, ಎಂದರೆ ಒಬ್ಬೊಬ್ಬ ನಿವಾಸಿಯ ಲೆಕ್ಕಕ್ಕೆ ವರ್ಷಕ್ಕೆ ಬೀಳುವ ಹೆಚ್ಚಳ. ಜ ಎಂಬುದು ಕ ವರ್ಷಗಳಾದ ಮೇಲಿನ ಜನಸಂಖ್ಯೆ. ನಡುವಣ ^ ಚಿಹ್ನೆಯು ಅದರ ಮುಂದಿರುವುದು ಘಾತವೆಂದು ಸೂಚಿಸುತ್ತದೆ. ಕಾಲವು ಘಾತದ ಸ್ಥಾನದಲ್ಲಿ ಕುಳಿತಿರುವುದರಿಂದಲೇ ಇದಕ್ಕೆ ಘಾತವೃದ್ಧಿಯೆಂಬ ಹೆಸರು.

ಇಲ್ಲಿ ಒಂದು ಮಾತಿನ ದೋಷವನ್ನು ತಿದ್ದಿಕೊಳ್ಳುವುದು ಅವಶ್ಯಕ. ಘಾತೀಯವಾಗಿ ಬೆಳೆಯಿತೆಂದರೆ ಅತಿ ವೇಗವಾಗಿ ಬೆಳೆಯಿತೆಂದು ಪತ್ರಿಕೆಗಳಲ್ಲಿ ಬಳಸುವುದುಂಟು. ಸೂತ್ರದಲ್ಲಿ ವೇಗದ ಮಾತೇ ಇಲ್ಲ; ವೇಗವಿರುವುದು ಮಾನದಲ್ಲಿ. ಮಾನವು ಸಣ್ಣದಾದರೆ ಘಾತವೃದ್ಧಿಯು ಆಮೆಯ ನಡಿಗೆಯಾಗುತ್ತದೆ; ಮಾನವು ಸೊನ್ನೆಗಿಂತ ಕಡಿಮೆಯಾದರೆ ಅದೇ ಸೂತ್ರವು ಕ್ಷಯವನ್ನು ಹೇಳುತ್ತದೆ.

4. ಕೊಪ್ಪಳ ಜಿಲ್ಲೆಯ ಅಂಕಿಗಳು

ಕೊಪ್ಪಳ ಜಿಲ್ಲೆಯ ಜನಸಂಖ್ಯೆಯು 2001ರ ಗಣತಿಯಲ್ಲಿ 11,96,089. 2011ರ ಗಣತಿಯಲ್ಲಿ 13,89,920. ಹತ್ತು ವರ್ಷಗಳ ಹೆಚ್ಚಳ 1,93,831, ಶೇಕಡಾ 16.21. ಇದರಿಂದ ವರ್ಷದ ಮಾನವನ್ನು ತೆಗೆಯುವ ಬಗೆಗಳು ಮೂರು.

ಮೊದಲನೆಯದಾಗಿ, 16.21ನ್ನು ಹತ್ತರಿಂದ ಭಾಗಿಸಿದರೆ ವರ್ಷಕ್ಕೆ ಶೇಕಡಾ 1.62 ಬರುತ್ತದೆ. ಇದು ಸರಳ ಬಡ್ಡಿಯ ಮಾನ. ಎರಡನೆಯದಾಗಿ, ವರ್ಷಕ್ಕೊಮ್ಮೆ ಅಸಲಿಗೆ ಸೇರಿಸುವ ಚಕ್ರಬಡ್ಡಿಯೆಂದು ಭಾವಿಸಿದರೆ 1.51 ಬರುತ್ತದೆ. ಮೂರನೆಯದಾಗಿ, ಎರಡು ಗಣತಿಗಳ ಪ್ರಮಾಣವಾದ 1.16205ರ ಸ್ವಾಭಾವಿಕ ಲಘುಗಣಕವನ್ನು, ಎಂದರೆ ಇ ಸಂಖ್ಯೆಯನ್ನು ಯಾವ ಘಾತಕ್ಕೇರಿಸಿದರೆ ಈ ಪ್ರಮಾಣವು ಬರುವುದೋ ಆ ಘಾತವನ್ನು, ಕಂಡುಹಿಡಿದು ಹತ್ತರಿಂದ ಭಾಗಿಸಬೇಕು. ಲಘುಗಣಕ 0.15019, ಮಾನ 0.015019, ಎಂದರೆ ಶೇಕಡಾ 1.50. ಇದೇ ನಮ್ಮ ಸೂತ್ರದ ಮಾನ.

ಮೂರರಲ್ಲಿ ಯಾವುದೂ ತಪ್ಪಲ್ಲ. ಒಂದರ ಮಾನವನ್ನು ಇನ್ನೊಂದರ ಸೂತ್ರದಲ್ಲಿ ಹಾಕುವುದು ಮಾತ್ರ ತಪ್ಪು. ಈ ತಪ್ಪು ಬಹಳ ಸಾಮಾನ್ಯವಾದದ್ದು. ಹತ್ತರಿಂದ ಭಾಗಿಸಿ ತೆಗೆದ 1.62ನ್ನು ಚಕ್ರಬಡ್ಡಿಯ ಲೆಕ್ಕಕ್ಕೆ ಹಚ್ಚಿ 2001ರಿಂದ ಹತ್ತು ವರ್ಷ ಮುಂದೆ ಸಾಗಿದರೆ 14,04,683 ಎಂಬ ಉತ್ತರ ಬರುತ್ತದೆ. ಎಣಿಸಿದಾಗ ಸಿಕ್ಕಿದ್ದು 13,89,920. ಇರದಿದ್ದ ಹದಿನಾಲ್ಕು ಸಾವಿರದ ಏಳುನೂರಕ್ಕೂ ಮೇಲ್ಪಟ್ಟ ಜನರು ಕಾಗದದ ಮೇಲೆ ಹುಟ್ಟಿಕೊಂಡಂತಾಯಿತು.

ಇಮ್ಮಡಿಯಾಗಲು ಬೇಕಾದ ಕಾಲವನ್ನು ಈ ಸೂತ್ರದಿಂದ ಸುಲಭವಾಗಿ ತಿಳಿಯಬಹುದು. ಎರಡರ ಸ್ವಾಭಾವಿಕ ಲಘುಗಣಕವಾದ 0.693ನ್ನು ಮಾನದಿಂದ ಭಾಗಿಸಿದರಾಯಿತು. ಮಾನವು 0.015019 ಆದರೆ ಸುಮಾರು 46 ವರ್ಷ. ಬಾಯಿಲೆಕ್ಕಕ್ಕೆ 70ನ್ನು ಶೇಕಡಾ ಮಾನದಿಂದ ಭಾಗಿಸುವ ರೂಢಿಯುಂಟು. ಅದರಿಂದಲೂ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆ. ಕೂಡಿ ಬೆಳೆಯುವ ಲೆಕ್ಕದಲ್ಲಾದರೆ ಇಮ್ಮಡಿಗೆ ಸುಮಾರು 62 ವರ್ಷ ಬೇಕು.

ಎರಡು ಬಗೆಯ ಲೆಕ್ಕಗಳು ಎಲ್ಲಿ ಕೂಡಿರುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಗಮನಿಸಬೇಕು. ಎರಡು ಗಣತಿಗಳ ನಟ್ಟನಡುವೆ, 2006ರಲ್ಲಿ, ಗುಣಿಸುವ ಲೆಕ್ಕದಂತೆ 12,89,367 ಜನ. ಕೂಡುವ ಲೆಕ್ಕದಂತೆ 12,93,004. ವ್ಯತ್ಯಾಸ ಮೂರೂವರೆ ಸಾವಿರಕ್ಕೆ ತುಸು ಹೆಚ್ಚು. ಗಣತಿಯನ್ನು ದಾಟಿ 2021ಕ್ಕೆ ಹೋದರೆ ಗುಣಿಸುವ ಲೆಕ್ಕ 16,15,162. ಕೂಡುವ ಲೆಕ್ಕ 15,83,751. ವ್ಯತ್ಯಾಸ 31 ಸಾವಿರ. ನೂರು ವರ್ಷ ದಾಟಿ 2111ಕ್ಕೆ ಹೋದರೆ ಒಂದು ಲೆಕ್ಕವು 62 ಲಕ್ಷವನ್ನೂ ಇನ್ನೊಂದು 33 ಲಕ್ಷವನ್ನೂ ಹೇಳುತ್ತದೆ. ಎರಡು ಗಣತಿಗಳ ನಡುವಣ ವರ್ಷವನ್ನು ತುಂಬಿಕೊಳ್ಳುವುದಕ್ಕೆ ಯಾವ ಸೂತ್ರವಾದರೂ ನಡೆಯುತ್ತದೆ. ಗಣತಿಯ ಆಚೆಗೆ ಹೋದಷ್ಟೂ ಅಪಾಯ ಹೆಚ್ಚು.

ಆದರೆ ಇದಕ್ಕಿಂತ ದೊಡ್ಡ ಅಪಾಯವೊಂದುಂಟು. 1991ರಿಂದ 2001ರವರೆಗಿನ ದಶಕದಲ್ಲಿ ಇದೇ ಪ್ರದೇಶದ ಜನರು ಸುಮಾರು ಶೇಕಡಾ 25ರಷ್ಟು ಹೆಚ್ಚಿದ್ದರು. ಆಗ ವರ್ಷದ ಮಾನ ಸುಮಾರು 2.2. ಅದು ಮುಂದಿನ ದಶಕದಲ್ಲಿ 1.5ಕ್ಕೆ ಇಳಿಯಿತು. 2011ರ ತರುವಾಯವೂ ಇಳಿದು 1.0 ಆಯಿತೆಂದು ಭಾವಿಸಿದರೆ 2021ರ ಉತ್ತರ 15,36,099. ಮಾನವು 1.5ರಲ್ಲಿಯೇ ನಿಂತಿತೆಂಬ ಉತ್ತರಕ್ಕೂ ಇದಕ್ಕೂ 79 ಸಾವಿರ ಜನರ ವ್ಯತ್ಯಾಸ. ಸೂತ್ರವನ್ನು ಬದಲಾಯಿಸಿದ್ದರಿಂದ ಬಂದ ವ್ಯತ್ಯಾಸ 31 ಸಾವಿರವಾದರೆ, ಸೂತ್ರವನ್ನು ಹಾಗೆಯೇ ಇಟ್ಟು ಮಾನವನ್ನು ಮಾತ್ರ ಬದಲಾಯಿಸಿದ್ದರಿಂದ ಬಂದದ್ದು ಅದರ ಎರಡೂವರೆ ಪಟ್ಟು. ಈ ಲೇಖನದ ಮುಖ್ಯಾಭಿಪ್ರಾಯವು ಇದೇ: ಸೂತ್ರದ ಬಲಾಬಲವೆಲ್ಲ ಮಾನದಲ್ಲಿದೆ; ಮಾನವು ಎಲ್ಲಿಂದ ಬಂದಿತು, ಅದು ಸ್ಥಿರವಾಗಿ ನಿಲ್ಲತಕ್ಕದ್ದೇ ಎಂದು ಕೇಳದೆ ಸೂತ್ರವನ್ನು ಬಳಸಲಾಗದು.

5. ಮಾನದೊಳಗೆ ಅಡಗಿರುವ ಸಂಗತಿಗಳು

ಮಾನವು ಒಂದು ಅಂಕಿಯಂತೆ ಕಂಡರೂ ಅದು ನಾಲ್ಕು ಅಂಕಿಗಳ ಫಲ: ಹುಟ್ಟಿದವರಲ್ಲಿ ಸತ್ತವರನ್ನು ಕಳೆದು, ಬಂದವರನ್ನು ಕೂಡಿ, ಹೋದವರನ್ನು ಕಳೆಯಬೇಕು. ಒಂದೇ ಮಾನವುಳ್ಳ ಎರಡು ಊರುಗಳಲ್ಲಿ ಒಂದು ಮಕ್ಕಳಿಂದಲೂ ಇನ್ನೊಂದು ವಲಸೆಗಾರರಿಂದಲೂ ಬೆಳೆದಿರಬಹುದು. ಸೂತ್ರಕ್ಕೆ ಈ ಭೇದವು ತಿಳಿಯದು.

ಕುಷ್ಟಗಿ ಸೀಮೆಯಲ್ಲಿ ಈ ಭೇದವು ಮುಖ್ಯವಾದದ್ದು. ಗಂಗಾವತಿಯ ಕಡೆಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯಿದೆ. ಅಣೆಕಟ್ಟಿನ ಕೆಲಸವು 1945ರಲ್ಲಿ ಆರಂಭವಾಗಿ 1953ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟ ಮೇಲೆ ಆಂಧ್ರದ ಬೇಸಾಯಗಾರರು ಬಂದು ನೆಲೆಸಿದರು. ಅವರ ವಸತಿಗಳು ಇಂದಿಗೂ ಕ್ಯಾಂಪುಗಳೆಂದೇ ಕರೆಯಲ್ಪಡುತ್ತವೆ. ಅಲ್ಲಿಯ ವೃದ್ಧಿಯಲ್ಲಿ ಬಂದವರ ಪಾಲುಂಟು. ಕುಷ್ಟಗಿ, ಹನುಮಸಾಗರ, ತಾವರಗೇರಾಗಳ ಕಡೆ ಬಹುಭಾಗವು ಮಳೆಯನ್ನೇ ನಂಬಿದ ನೆಲ. ಎರೆಯಲ್ಲಿ ಜೋಳ, ಮಸಾರಿಯಲ್ಲಿ ಸಜ್ಜೆ. ಅಲ್ಲಿ ಹಿಂಗಾರಿಯ ಸುಗ್ಗಿ ಮುಗಿದ ಮೇಲೆ ಕೂಲಿಗಾಗಿ ಕುಟುಂಬಸಹಿತ ಗುಳೆ ಹೋಗುವುದು ಬಹುಕಾಲದ ರೂಢಿ. ಬೆಂಗಳೂರು, ಮಂಗಳೂರು, ಗೋವೆಯ ಕಡೆಗೆ ಹೋದವರು ಮುಂಗಾರಿನ ಹೊತ್ತಿಗೆ ಮರಳುತ್ತಾರೆ, ಕೆಲವರು ಮರಳುವುದಿಲ್ಲ.

ಇದರಿಂದ ಗಣತಿಗೇ ಒಂದು ತೊಡಕುಂಟಾಗುತ್ತದೆ. 2011ರಲ್ಲಿ ಎಣಿಕೆಯು ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಈ ಅವಧಿಯುದ್ದಕ್ಕೂ ಊರಲ್ಲಿಲ್ಲದವರನ್ನು ಊರಿನ ಲೆಕ್ಕಕ್ಕೆ ಸೇರಿಸದೆ ಅವರಿದ್ದ ಸ್ಥಳದಲ್ಲಿ ಎಣಿಸತಕ್ಕದ್ದೆಂಬುದು ನಿಯಮ. ಫೆಬ್ರವರಿಯು ಗುಳೆಯ ಕಾಲ. ಆದುದರಿಂದ ಒಣಸೀಮೆಯ ಹಳ್ಳಿಯ ಜನಸಂಖ್ಯೆಯೆಂದು ನಾವು ಓದುವುದು ಫೆಬ್ರವರಿಯ ಜನಸಂಖ್ಯೆ. ಆಷಾಢದಲ್ಲಿ ಎಣಿಸಿದ್ದರೆ ಬೇರೆಯ ಅಂಕಿ ಬರುತ್ತಿತ್ತು. ಹಿಂದೆ 1881ರಿಂದ 1931ರವರೆಗಿನ ಗಣತಿಗಳಲ್ಲಿ ಒಂದೇ ರಾತ್ರಿಯಲ್ಲಿ ಯಾರು ಎಲ್ಲಿದ್ದರೋ ಅಲ್ಲಿಯೇ ಎಣಿಸುತ್ತಿದ್ದರು. 1941ರಿಂದ ಆ ಪದ್ಧತಿಯನ್ನು ಬಿಡಲಾಯಿತು. ಹೀಗಿರುವಲ್ಲಿ, ಹಳೆಯ ಅಂಕಿಯನ್ನೂ ಹೊಸ ಅಂಕಿಯನ್ನೂ ಒಂದೇ ಸೂತ್ರದೊಳಗೆ ಇಡುವಾಗ, ಎರಡರ ‘ನಿವಾಸಿ’ ಎಂಬ ಮಾತಿಗೂ ಅರ್ಥವು ಒಂದೇ ಅಲ್ಲವೆಂಬುದನ್ನು ಮರೆಯಕೂಡದು.

ವಯಸ್ಸಿನ ವಿಷಯವೂ ಹೀಗೆಯೇ. ಅಸಲಿಗೆ ಸೇರಿದ ಬಡ್ಡಿಯು ಮರುದಿನವೇ ಬಡ್ಡಿಯನ್ನು ತರುತ್ತದೆ. ಹುಟ್ಟಿದ ಕೂಸು ಮರುದಿನವೇ ಮಕ್ಕಳನ್ನು ಹೆರುವುದಿಲ್ಲ. ಒಂದು ಜನಸಮುದಾಯದಲ್ಲಿ ವಯೋವರ್ಗಗಳ ಪಾಲುಗಳು ಬದಲಾಗದೆ ನಿಂತಿದ್ದರೆ ಮಾತ್ರ ಘಾತವೃದ್ಧಿಯ ಉಪಮಾನವು ನಿಜವಾಗಿ ಹೊಂದುತ್ತದೆ. ಇದನ್ನು 1911ರಲ್ಲಿ ಷಾರ್ಪ್ ಮತ್ತು ಲೋಟ್ಕಾ ಎಂಬವರು ಗಣಿತದಿಂದ ತೋರಿಸಿಕೊಟ್ಟರು. ಈ ಕಾರಣದಿಂದಲೇ, ಭಾರತಕ್ಕೂ ರಾಜ್ಯಗಳಿಗೂ 2011ರಿಂದ 2036ರವರೆಗೆ ಅಂದಾಜು ಮಾಡಿ 2020ರಲ್ಲಿ ಪ್ರಕಟಿಸಿದ ತಜ್ಞರ ಸಮಿತಿಯು ಒಂದೇ ಮಾನವನ್ನು ನಂಬದೆ, ಒಂದೊಂದು ವಯೋವರ್ಗದ ಜನನ, ಮರಣ, ವಲಸೆಗಳನ್ನು ಬೇರೆಬೇರೆಯಾಗಿ ಲೆಕ್ಕಹಾಕುವ ಪದ್ಧತಿಯನ್ನು ಅನುಸರಿಸಿತು.

6. ಮಾನವು ಸ್ಥಿರವೆಂಬ ಊಹೆ

ಮಾನವು ಸ್ಥಿರವಾಗಿ ನಿಲ್ಲುವುದೇ ಎಂಬ ಪ್ರಶ್ನೆಗೆ ಚರಿತ್ರೆಯೇ ಉತ್ತರ ಕೊಡಬೇಕು. ಇಂದಿನ ಕರ್ನಾಟಕದ ಗಡಿಯೊಳಗಿನ ಜನಸಂಖ್ಯೆಯು ದಶಕದಿಂದ ದಶಕಕ್ಕೆ ಎಷ್ಟು ಶೇಕಡಾ ಬದಲಾಯಿತೆಂಬುದು ಕೆಳಗಿನ ಪಟ್ಟಿಯಿಂದ ತಿಳಿಯುತ್ತದೆ.

1901–1911: 3.60 ಹೆಚ್ಚಳ
1911–1921: 1.09 ಇಳಿತ
1921–1931: 9.38 ಹೆಚ್ಚಳ
1931–1941: 11.09 ಹೆಚ್ಚಳ
1941–1951: 19.36 ಹೆಚ್ಚಳ
1951–1961: 21.57 ಹೆಚ್ಚಳ
1961–1971: 24.22 ಹೆಚ್ಚಳ
1971–1981: 26.75 ಹೆಚ್ಚಳ
1981–1991: 21.12 ಹೆಚ್ಚಳ
1991–2001: 17.51 ಹೆಚ್ಚಳ
2001–2011: 15.60 ಹೆಚ್ಚಳ

ಹನ್ನೊಂದು ದಶಕಗಳಲ್ಲಿ ಒಂದರ ಮಾನವು ಇನ್ನೊಂದರದಕ್ಕೆ ಸಮನಾಗಿಲ್ಲ. ಮೊದಲ ದಶಕದ ಮಾನವೇ ಮುಂದುವರಿದಿದ್ದರೆ ಇಮ್ಮಡಿಗೆ ಸುಮಾರು 196 ವರ್ಷ ಹಿಡಿಯುತ್ತಿತ್ತು. 1971–1981ರ ಮಾನದಂತೆ 29 ವರ್ಷ ಸಾಕು. 1911ರಲ್ಲಿ ಕುಳಿತು ಭವಿಷ್ಯ ಹೇಳಿದವನೂ 1981ರಲ್ಲಿ ಕುಳಿತು ಭವಿಷ್ಯ ಹೇಳಿದವನೂ ಸೂತ್ರವನ್ನು ಸರಿಯಾಗಿಯೇ ಬಳಸಿರಬಹುದು. ಇಬ್ಬರ ಮಾತೂ ಸುಳ್ಳಾಯಿತು.

ಸರಾಸರಿಯನ್ನು ತೆಗೆದರೂ ದೋಷವು ತೊಲಗುವುದಿಲ್ಲ. ಈ ಗಡಿಯೊಳಗಿನ ಜನಸಂಖ್ಯೆಯು 1901ರಲ್ಲಿ 1,30,54,754 ಇದ್ದು 2011ರಲ್ಲಿ 6,10,95,297 ಆಯಿತು. ಈ ಎರಡರಿಂದ ತೆಗೆದ ಮಾನ ವರ್ಷಕ್ಕೆ ಶೇಕಡಾ 1.403. ಇದನ್ನು ಸೂತ್ರದಲ್ಲಿಟ್ಟರೆ ಎರಡು ತುದಿಗಳೂ ಚಾಚೂ ತಪ್ಪದೆ ಕೂಡಿಬರುತ್ತವೆ. ಆದರೆ ಅದೇ ಸೂತ್ರದಂತೆ 1951ರಲ್ಲಿ ಸುಮಾರು 2 ಕೋಟಿ 63 ಲಕ್ಷ ಜನರಿರಬೇಕಾಗಿತ್ತು. ಆ ವರ್ಷ ಎಣಿಸಿದಾಗ ಇದ್ದವರು 1,94,01,956. ತುದಿಗಳಲ್ಲಿ ಪೂರ್ಣವಾಗಿ ಸತ್ಯವಾದ ಸೂತ್ರವು ನಡುವೆ 69 ಲಕ್ಷ ಜನರಷ್ಟು ತಪ್ಪಿತು. ಶಾಸನಗಳ ಕಾಲವನ್ನು ನಿರ್ಣಯಿಸುವ ವಿದ್ವಾಂಸರು ಎರಡು ಶಾಸನಗಳ ನಡುವಣ ಲಿಪಿಯ ಬದಲಾವಣೆಯನ್ನು ಒಂದೇ ವೇಗದ್ದೆಂದು ಭಾವಿಸಲು ಹಿಂಜರಿಯುತ್ತಾರಷ್ಟೆ. ಇಲ್ಲಿಯೂ ಅದೇ ಎಚ್ಚರ ಬೇಕು.

ಮಾನವು ಇಷ್ಟೊಂದು ಬದಲಾಗಲು ಕಾರಣವೇನೆಂದರೆ, ಮೊದಲು ಸಾವು ಇಳಿದು ಆಮೇಲೆ ಜನನವು ಇಳಿದದ್ದು. ಕ್ಷಾಮ, ಪ್ಲೇಗು, ವಿಷಮಜ್ವರಗಳು ಹಿಂದೆ ಜನನದ ಫಲವನ್ನು ಕೊಯ್ದುಬಿಡುತ್ತಿದ್ದವು. ಅವು ಹತೋಟಿಗೆ ಬಂದಂತೆಲ್ಲ ಜನನಮರಣಗಳ ಅಂತರವು ಅಗಲವಾಯಿತು. ತರುವಾಯ ಕುಟುಂಬಗಳು ಚಿಕ್ಕವಾದಂತೆ ಅಂತರವು ಮತ್ತೆ ಕಿರಿದಾಯಿತು. ಬೆಳವಣಿಗೆಗೆ ಒಂದು ಮೇರೆಯುಂಟೆಂದು ಭಾವಿಸಿ, ಮೇರೆಯ ಹತ್ತಿರ ಬಂದಂತೆ ಮಾನವು ತಾನಾಗಿಯೇ ಕುಗ್ಗುವಂತೆ ಸೂತ್ರವನ್ನು ತಿದ್ದಿದವನು ಬೆಲ್ಜಿಯಮ್ಮಿನ ವೆರ್ಹುಲ್ಸ್ಟ್, 1838ರಲ್ಲಿ. ಆ ತಿದ್ದುಪಡಿಗೂ ಮೇರೆಯು ಎಲ್ಲಿದೆಯೆಂದು ಮುಂಚಿತವಾಗಿ ತಿಳಿದಿರಬೇಕೆಂಬ ತೊಡಕು ಉಂಟು.

ಕ್ಷಾಮದ ವಿಷಯದಲ್ಲಿ ಸೂತ್ರವು ಇನ್ನೂ ಒಂದು ಬಗೆಯಲ್ಲಿ ನಮ್ಮನ್ನು ತಪ್ಪುದಾರಿಗೆಳೆಯುತ್ತದೆ. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರಲ್ಲಿ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಸೂತ್ರಕ್ಕೆ ಹಾಕಿದರೆ ಮಾನವು ವರ್ಷಕ್ಕೆ ಶೇಕಡಾ 1.9ರಷ್ಟು ಇಳಿತ. ಈ ಅಂಕಿಯನ್ನು ಮಾತ್ರ ಓದಿದವನಿಗೆ ಜನರು ಹತ್ತು ವರ್ಷವೂ ಒಂದೇ ಸಮನಾಗಿ ಮೆಲ್ಲಮೆಲ್ಲನೆ ಕಡಿಮೆಯಾದರೆಂದು ತೋರುವುದು. ನಡೆದದ್ದು ಹಾಗಲ್ಲ, 1876ರಿಂದ 1878ರವರೆಗಿನ ಮಹಾಕ್ಷಾಮವು ಅಷ್ಟು ಜನರನ್ನೂ ಅವರೊಡನೆ ಆ ದಶಕದ ಹೆಚ್ಚಳವನ್ನೂ ನುಂಗಿತು. ಮುಂದಿನ ದಶಕದಲ್ಲಿ ಅದೇ ಸಂಸ್ಥಾನವು ಶೇಕಡಾ 18ರಷ್ಟು ಹೆಚ್ಚಿ 49 ಲಕ್ಷ 43 ಸಾವಿರಕ್ಕೆ ಏರಿತು. ಇಳಿತದ ಮಾನವಾಗಲಿ ಏರಿಕೆಯ ಮಾನವಾಗಲಿ ಆ ನಾಡಿನ ಸಹಜವಾದ ಗತಿಯಾಗಿರಲಿಲ್ಲ.

ಕುಷ್ಟಗಿಯು ಆಗ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಮರ್ದುಮ್‌ಶುಮಾರಿಯೆಂಬ ಹೆಸರಿನಿಂದ ಖಾನೇಷುಮಾರಿಯು ಮೊದಲು ನಡೆದದ್ದು 1881ರಲ್ಲಿ, ಎಂದರೆ ಮಹಾಕ್ಷಾಮವು ಕಳೆದ ಮೇಲೆ. ಕ್ಷಾಮದ ಮುಂಚಿನ ಸಂಖ್ಯೆಯನ್ನು ಸೂತ್ರದಿಂದ ಹಿಂದಕ್ಕೆ ಎಣಿಸಿ ತೆಗೆಯುವೆವೆಂದರೆ, ಹಿಂದಕ್ಕೆ ಹೋದಂತೆ ಜನರು ಕಡಿಮೆಯಾಗುತ್ತಲೇ ಹೋಗುತ್ತಾರೆ. ಕ್ಷಾಮದಲ್ಲಿ ಸತ್ತವರು ಲೆಕ್ಕದಿಂದಲೇ ಮಾಯವಾಗುತ್ತಾರೆ. ಆ ಸಂಸ್ಥಾನದ ಮುಂದಿನ ಅಂಕಿಗಳೂ ಏರಿಳಿತದವೇ: 1911ರಲ್ಲಿ 1,33,74,676 ಇದ್ದದ್ದು 1921ರಲ್ಲಿ 1,24,71,770ಕ್ಕೆ ಇಳಿಯಿತು. 1918ರ ಇನ್‌ಫ್ಲುಯೆಂಜಾ ಜ್ವರವು ಈ ನಡುವೆ ಹಾಯ್ದುಹೋಗಿತ್ತು.

7. ಗಡಿಗಳ ವಿಷಯ

ಸೂತ್ರದಲ್ಲಿ ಕಾಣದೆ ಇರುವ ಇನ್ನೊಂದು ಊಹೆಯೆಂದರೆ ನೆಲವು ಬದಲಾಗಲಿಲ್ಲವೆಂಬುದು. ಜ ಮತ್ತು ಜ₀ ಎರಡೂ ಒಂದೇ ಪ್ರದೇಶದ ಜನಸಂಖ್ಯೆಗಳಾಗಿರಬೇಕು. ಕುಷ್ಟಗಿಯು ಹಿಂದೆ ಲಿಂಗಸುಗೂರು ಜಿಲ್ಲೆಯಲ್ಲಿದ್ದಿತು. 1905ರಲ್ಲಿ ಆ ಜಿಲ್ಲೆಯನ್ನು ಒಡೆದಾಗ ರಾಯಚೂರಿಗೆ ಸೇರಿತು. 1956ರಲ್ಲಿ ರಾಯಚೂರಿನೊಡನೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಕೊಪ್ಪಳ ಜಿಲ್ಲೆಯದಾಯಿತು. ರಾಯಚೂರು ಜಿಲ್ಲೆಯ 1991ರ ಅಂಕಿಯನ್ನೂ 2001ರ ಅಂಕಿಯನ್ನೂ ಹಾಗೆಯೇ ಸೂತ್ರಕ್ಕಿಟ್ಟರೆ ಅಲ್ಲಿ ಮಹಾಮಾರಿಯೊಂದು ಹಾಯ್ದುಹೋದಂತೆ ಕಾಣುವುದು. ನಿಜವಾಗಿ ನಾಲ್ಕು ತಾಲ್ಲೂಕುಗಳು ಬೇರೆಯಾದವು, ಅಷ್ಟೆ. 2011ರ ತರುವಾಯ ಗಂಗಾವತಿಯಿಂದ ಕನಕಗಿರಿ, ಕಾರಟಗಿಗಳೂ ಯಲಬುರ್ಗಾದಿಂದ ಕುಕನೂರೂ ಬೇರೆ ತಾಲ್ಲೂಕುಗಳಾಗಿವೆ. ಮುಂದಿನ ಗಣತಿಯ ತಾಲ್ಲೂಕುವಾರು ಅಂಕಿಗಳನ್ನು 2011ರವುಗಳೊಡನೆ ಹೋಲಿಸತಕ್ಕವರು ಮೊದಲು ಹಳ್ಳಿಗಳ ಪಟ್ಟಿಯನ್ನು ಸರಿಹೊಂದಿಸಿಕೊಂಡು ಆಮೇಲೆ ಲಘುಗಣಕಕ್ಕೆ ಕೈಹಾಕಬೇಕು.

8. ಉಪಸಂಹಾರ

ಮೇಲಿನ ವಿಚಾರದಿಂದ ಸೂತ್ರವು ನಿಷ್ಪ್ರಯೋಜಕವೆಂದು ಯಾರೂ ಭಾವಿಸಬಾರದು. ಎರಡು ಗಣತಿಗಳ ನಡುವಣ ವರ್ಷವನ್ನು ತುಂಬುವುದಕ್ಕೂ, ಬೇರೆಬೇರೆ ಅವಧಿಗಳ ವೃದ್ಧಿಯನ್ನು ಒಂದೇ ಅಳತೆಗೆ ತಂದು ಹೋಲಿಸುವುದಕ್ಕೂ ಇದಕ್ಕಿಂತ ಸುಲಭವಾದ ಸಾಧನವಿಲ್ಲ. 2011ಕ್ಕೂ 2027ಕ್ಕೂ ನಡುವಣ ಹದಿನಾರು ವರ್ಷಗಳ ವೃದ್ಧಿಯನ್ನು ಹಿಂದಿನ ಹತ್ತು ವರ್ಷಗಳ ವೃದ್ಧಿಯೊಡನೆ ಹೋಲಿಸಬೇಕಾದಾಗ ಶೇಕಡಾವಾರು ಹೆಚ್ಚಳವು ಕೆಲಸಕ್ಕೆ ಬಾರದು. ಲಘುಗಣಕವನ್ನು ವರ್ಷಗಳಿಂದ ಭಾಗಿಸಿ ತೆಗೆದ ಮಾನವೇ ಬೇಕು.

ಆದರೆ ಬಳಸುವವರು ನಾಲ್ಕು ಸಂಗತಿಗಳನ್ನು ಅಂಕಿಯೊಡನೆ ಬರೆಯತಕ್ಕದ್ದು: ಆಧಾರವಾದ ಗಣತಿ ಯಾವುದು, ಮಾನವು ಯಾವ ಅವಧಿಯದು, ಅದು ಸರಳವೋ, ಚಕ್ರವೋ, ಘಾತೀಯವೋ, ಗಡಿಯು ಯಾವ ವರ್ಷದ್ದು. ಪಾಠಾಂತರವನ್ನು ಕೊಡದೆ ಪದ್ಯವನ್ನು ಸಂಪಾದಿಸುವುದು ಹೇಗೆ ಅಶಾಸ್ತ್ರೀಯವೋ, ಇವುಗಳನ್ನು ಹೇಳದೆ ಜನಸಂಖ್ಯೆಯ ಅಂದಾಜನ್ನು ಬರೆಯುವುದೂ ಹಾಗೆಯೇ ಅಶಾಸ್ತ್ರೀಯ. ಇವು ನಾಲ್ಕೂ ತಿಳಿದಿದ್ದರೆ ಮುಂದೆ ಎಣಿಕೆಯ ಅಂಕಿಯು ಬಂದಾಗ ಅಂದಾಜು ಎಲ್ಲಿ ತಪ್ಪಿತೆಂದು ಕಂಡುಹಿಡಿಯಬಹುದು. ತಿಳಿಯದಿದ್ದರೆ ತಪ್ಪಿತೆಂಬುದು ಮಾತ್ರ ತಿಳಿಯುವುದು. ಹನುಮಸಾಗರದಿಂದ ಫೆಬ್ರವರಿಯಲ್ಲಿ ಗುಳೆ ಹೋದವನು ಯಾವ ಊರಿನ ಲೆಕ್ಕದಲ್ಲಿ ಸೇರಿದನು, ಅವನ ಪಾಲಿನ ಧಾನ್ಯವೂ ಅವನ ಮಗುವಿನ ಶಾಲೆಯ ಸ್ಥಳವೂ ಎಲ್ಲಿ ಬರೆಯಲ್ಪಟ್ಟವು ಎಂಬ ಪ್ರಶ್ನೆಗೆ ಸೂತ್ರವು ಉತ್ತರ ಹೇಳದು. ಅದಕ್ಕೆ ಮನೆಮನೆಗೆ ಹೋಗಿ ಎಣಿಸಿಯೇ ತೀರಬೇಕು.